ಮಾಸ್ತರನ ಮಣ್ಣಿನ ನೆಲ

ನನ್ನ ಹೆಂಡತಿ ಅನುಷಾ ಬೇರೊಬ್ಬನ ನೆಲ ಮೆಚ್ಚಿಕೊಂಡಳು. ನಗಬೇಡಿ. ಬೇರೊಬ್ಬನ ಮೀಸೆ ಮೆಚ್ಚಿದ್ದರೆ ಅವನ ಮನೆ ಮುಂದೆ ನಿಂತು ಜಗಳ ತೆಗೆಯಬಹುದಿತ್ತು. ನೆಲದ ಜೊತೆ ಹೆಂಗೆ ಜಗಳಾಡೋದು?

ಆ ನೆಲ ಇರೋದು ಕುರುಗೋಡಿನಲ್ಲಿ, ನನ್ನ ಷಡ್ಡಕ ಗವಿಸಿದ್ದೇಶನ ಮನೆಯಲ್ಲಿ. ಅನುಷಾಳ ಅಕ್ಕ ಶೈಲಜಾಳ ಗಂಡ ಅವನು, ಹೈಸ್ಕೂಲ್ ಮಾಸ್ತರ, ಅನುಷಾಳ ಬಾಯಲ್ಲಿ 'ಮಾವಾರು'. ತಂದೆ ತಾಯಿ ಇಲ್ಲದ ಅನುಷಾಗೆ ಅಕ್ಕನ ಮನೆಯೇ ತವರು. ಬಸುರಿಗೆ ಏಳನೇ ತಿಂಗಳಿಗೆ ಕುಬಸ ಮಾಡಿ ಅಲ್ಲಿಗೆ ಕಳಿಸಿದೆ. ನಾಕು ದಿನ ಇದ್ದು ಬರ್ತೀನಿ ಅಂದವಳು ತಿಂಗಳಾದರೂ ಬರಲಿಲ್ಲ. ನನಗಿದ್ದದ್ದು ಒಂದೇ ಆಸೆ. ಅವಳು ಬಳ್ಳಾರಿಗೆ ವಾಪಸ್ ಬರಬೇಕು, ಹುಟ್ಟಿದ ಕೂಸು ಮೊದಲು ನನ್ನ ಮನೆಯ ಹೊಸ್ತಿಲು ದಾಟಬೇಕು, ಮಾಸ್ತರನದ್ದಲ್ಲ.

ಸಿರುಗುಪ್ಪದಲ್ಲಿ ಒಂದು ಅಕ್ಕಿ ಮಿಲ್ಲಿಗೆ ಕಾಂಕ್ರೀಟ್ ಬೆಡ್ ಹಾಕುತ್ತಿದ್ದೆ. ಊಟದ ಹೊತ್ತಿಗೆ ಫೋನ್ ಮಾಡಿದೆ.

"ಯಾವಾಗ ಬರ್ತಿ?"

"ಕಾಲಿನ ಬಾವು ಇಳದೈತ್ರಿ," ಅಂದಳು. "ಇಲ್ಲಿ ನೆಲ ತಣ್ಣಗ ಐತಿ. ಮಕ್ಕೊಂಡು ಎದ್ರ ಸೊಂಟ ಹಿಡಿಯಂಗಿಲ್ಲ. ಮಾವಾರು ಎಷ್ಟ್ ಚಂದ ಬಡದಾರ ಗೊತ್ತೇನ್ರಿ ನೆಲಾನ!"

"ನಮ್ಮನಿ ನೆಲಕ್ಕ ಏನಾಗೇತಿ?"

"ಅದಕ್ಕೇನೂ ಆಗಿಲ್ಲ. ಅದಕ್ಕ ಏನೂ ಆಗಂಗಿಲ್ಲ. ಆಗೂದೆಲ್ಲಾ ನಮಗ."

ಫೋನ್ ಇಟ್ಟೆ. ಜೊತೆಗಿದ್ದ ಗೌಂಡಿ ಸುಂಕಣ್ಣ, "ಯಾಕಲೇ, ಮಾರಿ ಹಿಂಗ್ಯಾಕಾತು?" ಅಂದ. "ನಿನ್ನ ಕೆಲಸ ನೋಡಲೇ" ಅಂದೆ.

ನಾನು ಏಳನೇತ್ತಕ್ಕೇ ಸಾಲಿ ಬಿಟ್ಟು ಗೌಂಡಿಯಾಗಿ ಕರಣಿ ಹಿಡಿದವನು. ಹುಟ್ಟಿ ಬೆಳೆದದ್ದು ಮಣ್ಣಿನ ನೆಲದ ಮೇಲೆಯೇ, ರೂಪನಗುಡಿಯಲ್ಲಿ. ನಮ್ಮವ್ವ ಸೆಗಣಿ ಸಾರಿಸಿ ಸಾರಿಸಿ ಅವಳ ಉಗುರು ಹಸಿರಾಗಿದ್ದವು. ಮಳೆ ಬಂದರೆ ಮೂಲೆಯಲ್ಲಿ ಕೆಸರು, ಬೇಸಿಗೆಯಲ್ಲಿ ಧೂಳು, ಹಾಸಿಗೆ ಎತ್ತಿದರೆ ಚೇಳು. ಯಾರಾದರೂ ಬಂದರೆ ಒಳಗೆ ಕರೆಯಲು ನಾಚಿಕೆ, ಕಟ್ಟೆ ಮೇಲೇ ಕೂಡಿಸಿ ಮಾತಾಡಿಸುತ್ತಿದ್ದೆವು. ಅದಕ್ಕೇ ಬಳ್ಳಾರಿಯಲ್ಲಿ ಕೌಲ್‌ಬಜಾರದ ಆಚೆ ಎರಡು ಕೋಣೆ ಕಟ್ಟಿದಾಗ ಬೇರೆ ಯಾರಿಗೂ ಕೈ ಹಚ್ಚಲು ಬಿಡದೆ ಕಾಂಕ್ರೀಟ್ ನೆಲ ನಾನೇ ಹಾಕಿದೆ. ಕನ್ನಡಿ ಆಗೋವರೆಗೂ ಉಜ್ಜಿದೆ.

ಈಗ ನೋಡಿ, ಆ ಮಾಸ್ತರನಿಗೆ ಸಂಬಳ ಐತಿ. ಬೇಕಂದರೆ ನಾಳೆಯೇ ಗ್ರಾನೈಟ್ ಹಾಕಿಸಬಹುದು. ಹಳೇ ಮಾಳಿಗೆ ಮನೆಯ ಪಡಸಾಲೆಗೆ ಬೇಕಂತಲೇ ಮಣ್ಣು ಬಡಿಸಿಕೊಂಡು ಕೂತಾನೆ. ಜನ ಹೋಗಿ ನೋಡಿ ಹೊಗಳಿ ಬರುತ್ತಾರೆ. ನಮ್ಮ ಮನೆಯಲ್ಲಿ ಮಣ್ಣಿನ ನೆಲ ಇದ್ದಾಗ ಅದು ಬಡತನ. ಅವನ ಮನೆಯಲ್ಲಿದ್ದರೆ ಆರೋಗ್ಯ!

ಮಿಲ್ಲಿನ ಕೆಲಸ ಮುಗಿಸಿ ಹಂಗೇ ಕುರುಗೋಡಿಗೆ ಬಸ್ ಹತ್ತಿದೆ. ಕರಕೊಂಡೇ ಬರೋದು ಅಂತ.

ಹೊಸ್ತಿಲಲ್ಲಿ ನಿಂತು ನೋಡಿದೆ. ನನ್ನ ಮನೆಯಲ್ಲಿ ಒಳಗೂ ಚಪ್ಪಲಿ ಹಾಕಿಕೊಂಡು ಗೋಡೆ ಹಿಡಿದು ನಡೆಯುವವಳು ಇಲ್ಲಿ ಬರಿಗಾಲಲ್ಲಿ ಪಡಸಾಲೆ ತುಂಬ ಓಡಾಡುತ್ತಿದ್ದಳು. ಗವಿಸಿದ್ದೇಶ ಏನೋ ಅಂದ, ಇವಳು ನಕ್ಕಳು. ನಾನು ಬೇಕಂತಲೇ ಜೋರಾಗಿ ಕೆಮ್ಮಿದೆ.

"ಬರ್ರಿ ಬರ್ರಿ, ಚನ್ನಬಸವ!" ಅಂದ ಮಾಸ್ತರ. "ಚಪ್ಪಲಿ ಹೊರಗ ಬಿಟ್ಟು ಬರ್ರಿ, ನೆಲ ಹೆಂಗೈತಿ ನೋಡ್ರಿ."

"ನೆಲ ನೋಡಾಕ ಬಂದಿಲ್ರಿ ನಾನು. ನೆಲ ಹಾಕೂದು ನನ್ನ ಕಸುಬು."

"ಅದಕ್ಕ ಹೇಳ್ತೀನಿ. ನಿಮ್ಮ ಕಾಂಕ್ರೀಟು ಬ್ಯಾಸಿಗಿಯಾಗ ಹಗಲೆಲ್ಲಾ ಬಿಸಿಲು ಕುಡದು ರಾತ್ರಿ ಕಾರತೈತಿ. ಥಂಡಿಗಾಲಕ್ಕ ಬಾಣಂತಿ ಮೈಗೆ ಥಂಡಿ ಏರಸತೈತಿ. ಮಣ್ಣು ನಮ್ಮ ಮಾತು ಒಂದೀಟು ಕೇಳತೈತ್ರಿ."

"ಚೇಳಿನ ಮಾತೂ ಕೇಳತೈತೇನ್ರಿ? ಗೆದ್ದಲದ್ದು?"

ಶೈಲಜಾ ಒಳಗಿನಿಂದ ನಕ್ಕಳು. "ಕೇಳ್ರಿ, ಕೇಳ್ರಿ! ಹೋದ ವರ್ಷ ಬಾಗಿಲ ಚೌಕಟ್ಟೆಲ್ಲಾ ಗೆದ್ದಲ ತಿಂದ್ವು. ವಾರ ವಾರ ಸಾರ್ಸಾಕಿ ನಾನು, ಭಾಷಣ ಇವರದು."

ಅತ್ತಿಗೆ ನನ್ನ ಕಡೆ ಆದದ್ದಕ್ಕೆ ಸ್ವಲ್ಪ ತಂಪಾಯಿತು. ರೊಟ್ಟಿ, ಶೇಂಗಾ ಹಿಂಡಿ ತಿಂದೆ. ಬಸ್ಸಿಗೆ ಇನ್ನೂ ಹೊತ್ತಿತ್ತು. "ಈಟು ಅಡ್ಡಾಗ್ರಿ," ಅಂದಳು ಅನುಷಾ. ಬೇಡ ಅಂದೆ. ಆದರೂ ಚಾಪೆ ಹಾಸಿದಳು. ಸಿಮೆಂಟ್ ಹೊತ್ತು ಹೊತ್ತು ನನ್ನ ಬೆನ್ನಿನಲ್ಲಿ ಒಂದು ಗಂಟು ಐತಿ, ಮಲಗಿದ ಕೂಡಲೇ ಅದು ಚುಚ್ಚಬೇಕು. ಚುಚ್ಚಲಿಲ್ಲ.

ಎಚ್ಚರಾದಾಗ ಬೀದಿ ದೀಪ ಹತ್ತಿತ್ತು. ಒಗ್ಗರಣೆ ಮಂಡಕ್ಕಿ, ಮಿರ್ಚಿ ವಾಸನೆ. ಮೂವರೂ ನನ್ನನ್ನೇ ನೋಡುತ್ತಿದ್ದರು.

"ಗೊರಕಿಗೆ ಮಾಳಿಗಿ ಮ್ಯಾಲಿನ ಪಾರಿವಾಳ ಹಾರಿ ಹೋದ್ವು," ಅಂದ ಮಾಸ್ತರ.

ಅಂಥ ನಿದ್ದೆ ನನಗೆ ವರ್ಷಗಳಿಂದ ಬಂದಿರಲಿಲ್ಲ. ಅದೂ ಅವನ ನೆಲದ ಮೇಲೆ ಬರಬೇಕಾ? ಮಿರ್ಚಿ ಮುಟ್ಟಲಿಲ್ಲ. ಎದ್ದು ಹೊರಟೆ. ಬಾಗಿಲ ತನಕ ಬಂದ ಅನುಷಾ, "ನಿಮಗೂ ಹಿತ ಅನಿಸ್ತಿಲ್ಲೋ?" ಅಂದಳು.

"ನಮ್ಮನಿಯಾಗ ಇಂಥಾದ್ದ ನೆಲ ಇದ್ರ ಬರ್ತೀಯೇನು?"

"ಅವತ್ತ ಬರ್ತೀನಿ."

ಮರುದಿನ ಹಾರೆ, ಸುತ್ತಿಗೆ ಹಿಡಿದು ನನ್ನ ಮನೆಯ ಮುಂದಿನ ಕೋಣೆಗೆ ಇಳಿದೆ. ಒಡೆಯಲು ಹೋದರೆ ಒಡೆಯುತ್ತಿಲ್ಲ. ಅಷ್ಟು ಗಟ್ಟಿ ಹಾಕಿದ್ದೆ ನಾನು. ಕಿಡಿ ಹಾರುತ್ತಿತ್ತು, ಹಾರೆ ಹಿಂದಕ್ಕೆ ಚಿಮ್ಮುತ್ತಿತ್ತು. ಒಂದು ಕಡೆ ಸಿಟ್ಟು, ಇನ್ನೊಂದು ಕಡೆ ಹೆಮ್ಮೆ. ಅಕ್ಕಪಕ್ಕದವರು ಬಂದು, "ಹುಚ್ಚು ಹಿಡದೈತೇನಲೇ?" ಅಂದರು. ಹೌದು ಅಂದೆ. ಬುಟ್ಟಿಗಟ್ಟಲೆ ಹೊತ್ತು ಹೊರಗೆ ಹಾಕಿದೆ. ಕುರುಗೋಡು ಕಡೆಯ ಕೆಂಪು ಗರಸು ಮಣ್ಣು ತರಿಸಿ ಹರವಿದೆ, ನೀರು ಚಿಮುಕಿಸಿದೆ, ದಿಮ್ಮಸಿನಿಂದ ಬಡಿದು ಕೂಡಿಸಿದೆ. ಪ್ರತಿ ಏಟಿಗೂ ಮಾಸ್ತರನ ನಗು ಕೇಳುತ್ತಿತ್ತು. ಅವನ ನೆಲಕ್ಕಿಂತ ಗಟ್ಟಿ ಆಗಬೇಕು, ನುಣುಪಾಗಬೇಕು. ಅವನದರಲ್ಲಿ ಗೆದ್ದಲ ಬಂದರೆ ನನ್ನದರಲ್ಲಿ ಬರಬಾರದು. ಮೂಲೆಯಲ್ಲಿ ಸಿಮೆಂಟ್ ಚೀಲ ಇತ್ತು. ಮೇಲಿನ ಪದರಕ್ಕೆ ಒಂದು ಬುಟ್ಟಿ ಕಲಸಿದೆ. ಇನ್ನೊಂದು ಬುಟ್ಟಿ ಹಾಕಿದರೆ ಏನಾಯಿತು ಅಂತ ಅದನ್ನೂ ಕಲಸಿದೆ. ಕೆಂಪು ನೆಲ ಒಣಗಿ ಮಿರಮಿರ ಮಿಂಚಿತು.

ಫೋನ್ ಮಾಡಿದೆ. ಭಾನುವಾರ ಅನುಷಾ ಬಂದಳು, ಜೊತೆಗೆ ಮಾಸ್ತರನೂ. ಬಸುರಿಯನ್ನು ಒಬ್ಬಳನ್ನೇ ಕಳಿಸಬಾರದು ಅಂತೆ.

ಅವಳು ಚಪ್ಪಲಿ ಬಿಟ್ಟಳು. ಕಾಲಿಟ್ಟಳು. ಹಿಮ್ಮಡಿಯಿಂದ ಒಮ್ಮೆ ಬಡಿದಳು. ಠಣ್ ಅಂತು. ಮೆಲ್ಲಗೆ ಕೂತು ಅಂಗೈ ಊರಿದಳು. ಮುಖ ಸಣ್ಣಗಾಯಿತು.

"ಸಿಮೆಂಟ್ ಹಾಕೀರಿ?"

"ಈಟ."

"ಎಷ್ಟು?"

"ಎರಡು ಬುಟ್ಟಿ."

ಮಾಸ್ತರ ನಗುತ್ತಾ ಹೊಸ್ತಿಲ ಮೇಲೆ ಕುಸಿದು ಕೂತ. ಅನುಷಾ ನಗಲಿಲ್ಲ. "ಮಾವಾರ ನೆಲಕ್ಕಿಂತ ಗಟ್ಟಿ ಇರಬೇಕು ಅಂತ ಯಾರು ಕೇಳಿದ್ರು? ನನಗ ಮಕ್ಕೊಳ್ಳಾಕ ಬೇಕಿತ್ತು," ಅಂದಳು. ಕಣ್ಣಲ್ಲಿ ನೀರು ನಿಂತಿತ್ತು. "ನಡೀರಿ ಮಾವ, ಬಸ್ಸೈತಿ."

ನಾನು ಹಾರೆ ಎತ್ತಿ ಅವರಿಬ್ಬರ ಎದುರಿಗೇ ಕೋಣೆಯ ನಟ್ಟನಡುವೆ ಇಳಿಸಿದೆ. ಹೊಳೆಯುವ ನೆಲ ಬಿರುಕು ಬಿಟ್ಟಿತು. ಮತ್ತೆ ಇಳಿಸಿದೆ.

ಮಾಸ್ತರ ನಗು ನಿಲ್ಲಿಸಿದ. ಅಂಗಿ ತೋಳು ಮಡಚಿದ.

"ಬ್ಯಾಡ್ರಿ," ಅಂದೆ. "ನನ್ನ ಮನಿ. ನಾನ ಮಾಡ್ತೀನಿ."

"ಒಬ್ರ ಬಡಕೋತ ಕುಂತ್ರ ಕೂಸು ಸಾಲಿಗೆ ಹೋಗೂ ಹೊತ್ತಿಗೆ ಮುಗೀತೈತಿ," ಅಂದಳು ಅನುಷಾ. "ಅವರೂ ಬಡೀಲಿ. ಸುಮ್ನಿರ್ರಿ."

ಹಲ್ಲು ಕಚ್ಚಿ ಸುತ್ತಿಗೆ ಅವನ ಕೈಗೆ ಕೊಟ್ಟೆ. ಹಿಡಿಯುವುದು ಹೆಂಗೆ ಅಂತಲೂ ಗೊತ್ತಿಲ್ಲ ಅವನಿಗೆ. ಅಷ್ಟರಮಟ್ಟಿಗೆ ಹಿತವಾಯಿತು.

"ಬಸ್ಸು ಹೋಗತೈತಿ," ಅಂದೆ ಅವಳಿಗೆ, ಅವಳ ಕಡೆ ನೋಡದೆ.

"ಹೋಗಲಿ. ನಾ ಹೋದ್ರ ನೀವು ಮತ್ತ ಸಿಮೆಂಟ್ ಕಲಸ್ತೀರಿ. ನೆಲ ಮುಗಿಯೂ ಮಟ ಇಲ್ಲೇ ಇರ್ತೀನಿ."

ಹಂಗಂದು ಒಳಗೆ ಹೋದಳು. ಉಳಿದ ಸಿಮೆಂಟ್ ಚೀಲದ ಮೇಲೆ ಹಳೇ ಸೀರೆ ಮಡಚಿ ಹಾಕಿದಳು. ಹೊಟ್ಟೆ ಹಿಡಿದುಕೊಂಡು ಅದರ ಮೇಲೇ ಕೂತಳು.