ಬ್ರೈನಾಳ ಪಾಲು

ಹೆಣ ತೊಳೆಯುವ ಹಲಗೆಯ ಮೇಲೆ ಹೆನ್ಯಾ ಹತ್ತಿ ಕೂತುಬಿಟ್ಟಳು.

"ಇಳಿಯೇ! ಇಳಿಯೇ ಕೆಳಗೆ!" ಬಿಸಿನೀರಿನ ಬಕೆಟ್ಟನ್ನು ಅಲ್ಲೇ ಕುಕ್ಕಿ ರೆಬ್ ಇತ್ಸೆ-ಬೇರ್ ಕೂಗಿದರು. "ಬದುಕಿರೋರು ಅದರ ಮೇಲೆ ಕೂರ್ತಾರೇನೇ? ತಲೆ ನೆಟ್ಟಗಿದೆಯಾ ನಿಂಗೆ?"

"ನಮ್ಮ ಮಾವನಿಗೆ ಗುಂಡಿ ಎಲ್ಲಿ ತೋಡಿಸ್ತಿದ್ದೀರಿ, ಅದನ್ನ ಹೇಳಿ. ಇಳೀತೀನಿ."

ಅವಳ ಸೋದರಮಾವ ಫೈವಿಶ್ ನೆಲದ ಮೇಲೆ, ಹುಲ್ಲಿನ ಹಾಸಿನಲ್ಲಿ, ಬಾಗಿಲಿಗೆ ಕಾಲು ಮಾಡಿಕೊಂಡು ಮಲಗಿದ್ದ. ಬೆಳಗಿನ ಜಾವ ಎದೆ ಕಟ್ಟಿ ಪ್ರಾಣ ಹೋಗಿತ್ತು. ಶುಕ್ರವಾರ ಬೇರೆ. ಸೂರ್ಯ ಮುಳುಗಿ, ಯಾವ ಕೆಲಸವನ್ನೂ ಮಾಡಬಾರದ ಸಬ್ಬತ್ ಹಿಡಿಯುವುದರೊಳಗೆ ಮಣ್ಣಾಗಬೇಕು, ಇಲ್ಲದಿದ್ದರೆ ಹೆಣ ನಾಳೆಯೆಲ್ಲ ಹಾಗೇ ಬಿದ್ದಿರಬೇಕು. ಅದು ಇತ್ಸೆ-ಬೇರ್‌ಗೂ ಗೊತ್ತಿತ್ತು, ಹೆನ್ಯಾಗೂ ಗೊತ್ತಿತ್ತು. ಲಿಪೋವ್ಕಾದ ಯಹೂದಿಗಳಿಗೆಲ್ಲ ಸೇರಿ ಇರುವುದು ಅದೊಂದೇ ಹಲಗೆ. ಗೊತ್ತಿದ್ದೇ ಹತ್ತಿದ್ದಳು ಅವಳು.

"ಬೇಲಿ ಪಕ್ಕ," ಎಂದರು ಇತ್ಸೆ-ಬೇರ್. ಅಂತ್ಯಸಂಸ್ಕಾರದ ಸಂಘಕ್ಕೆ ಅವರೇ ಯಜಮಾನರು. ಅವರ ಕೈ ದಾಟದೆ ನಮ್ಮೂರಲ್ಲಿ ಯಾರೂ ಮಣ್ಣು ಸೇರಿದ್ದಿಲ್ಲ. "ಆಗಲೇ ತೋಡೋಕೆ ಹಚ್ಚಿದೀನಿ."

"ಬೇಲಿ ಪಕ್ಕ ಯಾರನ್ನ ಹೂಳೋದು?"

"ಯಾಕೆ, ನಿಂಗೆ ಗೊತ್ತಿಲ್ವಾ? ನೇಣು ಹಾಕ್ಕೊಂಡೋರನ್ನ. ಮನುಷ್ಯನ ಮೇಲೆ ಗುಂಡು ಹಾರಿಸಿ ಜೈಲಿಗೆ ಹೋದೋರನ್ನ. ಉಪವಾಸದ ಹಬ್ಬದ ದಿನ ಕಿಟಕೀಲಿ ಕೂತು ಬೇಯಿಸಿದ ಮೊಟ್ಟೆ ತಿಂದೋರನ್ನ! ಅದೂ ಪ್ರಾರ್ಥನಾಮಂದಿರದ ಎದುರಿಗೇ. ನನ್ನ ಮುಖ ನೋಡ್ಕೊಂಡು ಉಪ್ಪು ಉದುರಿಸ್ಕೊಂಡು ತಿಂತಿದ್ದ, ಪಾಪಿ."

ಮೂಲೆಯಲ್ಲಿ ಕೂತು ಹೆಣದ ಬಿಳಿ ಅಂಗಿ ಹೊಲಿಯುತ್ತಿದ್ದ ಶಿಫ್ರಾಗೆ ನಗು ತಡೆಯಲಾಗಲಿಲ್ಲ. "ನಿಮಗೂ ಒಂದು ಬೇಕಾ ಅಂತ ಕೇಳಿದ್ನಲ್ಲ ರೆಬ್, ಪಾಪ."

"ನೀನು ಸುಮ್ನೆ ಹೊಲಿ! ಗಂಟು ಹಾಕ್ಬೇಡ."

"ನಲವತ್ತು ವರ್ಷದಿಂದ ಹೊಲೀತಿದೀನಿ, ಹೆಣದ ಬಟ್ಟೆಗೆ ಗಂಟು ಹಾಕಬಾರದು ಅಂತ ಈಗ ನೀವು ಹೇಳಿಕೊಡಿ." ಶಿಫ್ರಾ ದಾರವನ್ನು ಹಲ್ಲಿನಲ್ಲಿ ಕಡಿದಳು. ತಾಯಿಯಿಲ್ಲದ ಹೆನ್ಯಾಳನ್ನು ಸಾಕಿದವಳು ಅವಳೇ. ಹುಡುಗಿಯ ಹಟ ಎಂಥದ್ದೆಂದು ಅವಳಿಗೆ ಗೊತ್ತಿತ್ತು.

ಬಾಗಿಲಲ್ಲಿ ನಾಫ್ತುಲ ನಿಂತಿದ್ದ. ಅಚ್ಚುಕೂಟದ ಮಸಿ ಉಗುರಿನಲ್ಲಿ, ಸುತ್ತಿದ ಕಪ್ಪು ಬಾವುಟ ಕಂಕುಳಲ್ಲಿ. ಫೈವಿಶನ ಪಂಗಡದಲ್ಲಿ ಉಳಿದಿದ್ದವನು ಅವನೊಬ್ಬನೇ.

"ಯಾಕೆ ಇವರ ಕಾಲು ಹಿಡೀತೀಯ ಹೆನ್ಯಾ? ಅವನಿಗೆ ಈ ಮಂತ್ರ, ಈ ನೀರು ಯಾವುದೂ ಬೇಡವಾಗಿತ್ತು. ಗುಡ್ಡದ ಮೇಲೆ ನಾವೇ ಹೂಳೋಣ. ಬಾವುಟ ಹೊದಿಸಿ, ನಾನು ಎರಡು ಮಾತಾಡ್ತೀನಿ."

"ನಿನ್ನ ಎರಡು ಮಾತು ಭಾನುವಾರದವರೆಗೂ ಮುಗಿಯಲ್ಲ ನಾಫ್ತುಲ. ಮತ್ತೆ ನಾನು ಯಾರ ಕಾಲೂ ಹಿಡೀತಿಲ್ಲ, ಹಲಗೆ ಹಿಡ್ಕೊಂಡು ಕೂತಿದೀನಿ." ಹೆನ್ಯಾ ಶಾಲನ್ನು ಬಿಗಿಯಾಗಿ ಎಳೆದುಕೊಂಡಳು. ಅದರೊಳಗೆ ಏನನ್ನೋ ಎದೆಗೆ ಅವಚಿಕೊಂಡಿದ್ದಳು. "ಮಾವನಿಗೆ ನಮ್ಮಮ್ಮನ ಪಕ್ಕ ಜಾಗ ಬೇಕು."

ಇತ್ಸೆ-ಬೇರ್ ಮುಖ ಕಪ್ಪಿಟ್ಟಿತು. "ಆ ಸಾಲಲ್ಲಾ? ಆ ಸಾಲಲ್ಲಿ ರೋಗ ಬಂದು ಸತ್ತ ಒಬ್ಬನೂ ಇಲ್ಲ. ನನ್ನ ಹೆಂಡತೀನೇ ಇಲ್ಲ. ಕೊಲೆಯಾದೋರ ಸಾಲು ಅದು. ಕೊಲ್ಲೋಕೆ ಹೋದೋನನ್ನ ಅಲ್ಲಿ ಮಲಗಿಸೋದಾ? ನಾನು ಬದುಕಿರೋವರೆಗೂ ಆಗಲ್ಲ."

* * *

ದೇವರು, ದೊರೆ, ಧಣಿ, ಪೊಲೀಸು, ಇವರ್ಯಾರೂ ಇಲ್ಲದಿದ್ದರೇ ಜನ ಸುಖವಾಗಿರುತ್ತಾರೆ ಎಂದು ನಂಬಿದ ಅರಾಜಕವಾದಿ ಫೈವಿಶ್. ಕಸುಬು ಟೊಪ್ಪಿಗೆ ಹೊಲಿಯುವುದು. ಅಂಗಡಿಯಲ್ಲಿ ಕೆಲಸಕ್ಕಿದ್ದವರಿಗೂ ತನಗೂ ಒಂದೇ ಪಾಲು. ಪೊಲೀಸಿನವರು ಟೊಪ್ಪಿಗೆಗೆ ಅಳತೆ ಕೊಟ್ಟರೆ ಮಾತ್ರ ಒಂದು ಬೆರಳು ಬಿಗಿಯಾಗಿ ಹೊಲಿಯುತ್ತಿದ್ದ. ಲಿಪೋವ್ಕಾದ ಪೊಲೀಸರೆಲ್ಲ ಹಣೆಯ ಮೇಲೆ ಕೆಂಪು ಬರೆ ಇಟ್ಟುಕೊಂಡು ತಿರುಗುತ್ತಿದ್ದರು. ಕಾರಣ ಊರಿಗೆಲ್ಲ ಗೊತ್ತಿತ್ತು, ಅವರನ್ನು ಬಿಟ್ಟು.

ಹಿಂದೊಂದು ವಸಂತದಲ್ಲಿ ಕುದುರೆ ಸವಾರರು ಊರಿಗೆ ನುಗ್ಗಿ ಯಹೂದಿ ಬೀದಿಯನ್ನು ಕೊಚ್ಚಿಹಾಕಿದರಲ್ಲ, ಅದಾದ ಮೇಲೆ ಅವನು ಅಂಗಡಿ ಮುಚ್ಚಿದ. ನಾಲ್ಕು ವರ್ಷದ ಹೆನ್ಯಾಳನ್ನು ಶಿಫ್ರಾಳ ಮಡಿಲಿಗೆ ಹಾಕಿ, ಆ ಸವಾರರ ಕ್ಯಾಪ್ಟನ್ನನನ್ನು ಹುಡುಕಿಕೊಂಡು ಹೊರಟ. ಊರಿಂದೂರಿಗೆ ಟೊಪ್ಪಿಗೆ ಹೊಲಿಯುತ್ತ, ಕೇಳುತ್ತ ಹೋದ. ಕೊನೆಗೆ ಗಡಿಯಾಚೆ ರುಮೇನಿಯಾದ ಒಂದು ಪೇಟೆಯಲ್ಲಿ ಅವನು ಸಿಕ್ಕ. ಬಾರ್ಲಿ ಮಾರಿಕೊಂಡು, ಮಕ್ಕಳನ್ನು ಶಾಲೆಗೆ ಕಳಿಸಿಕೊಂಡು ಹಾಯಾಗಿದ್ದ. ಫೈವಿಶ್ ಹಗಲು ಹೊತ್ತಿನಲ್ಲಿ, ಬೀದಿಯಲ್ಲಿ, ಅವನ ಹೆಸರು ಹಿಡಿದು ಕೂಗಿ ನಿಲ್ಲಿಸಿದ. "ಲಿಪೋವ್ಕಾ ನೆನಪಿದೆಯಾ?" ಎಂದು ಕೇಳಿದ. ಆಮೇಲೆ ಗುಂಡು ಹಾರಿಸಿದ.

ಕ್ಯಾಪ್ಟನ್ ಸಾಯಲಿಲ್ಲ. ಸೊಂಟಕ್ಕೆ ಬಿದ್ದ ಗುಂಡು ಅವನನ್ನು ಕುಂಟನನ್ನಾಗಿ ಮಾಡಿತು, ಅಷ್ಟೇ. ಫೈವಿಶ್ ಉಪ್ಪಿನ ಗಣಿಯ ಜೈಲಿಗೆ ಹೋಗಿ, ಶ್ವಾಸಕೋಶ ಕಳೆದುಕೊಂಡು ಊರಿಗೆ ಬಂದ. ಅಷ್ಟರಲ್ಲಿ ಹೆನ್ಯಾ ಅವನ ಭುಜಕ್ಕೆ ಬಂದಿದ್ದಳು.

"ಸತ್ತನಾ ಮಾವ, ಅವನು?" ಎಂಬುದೇ ಅವಳು ಕೇಳಿದ ಮೊದಲ ಮಾತು.

"ಟೊಪ್ಪಿಗೆ ಹೊಲಿಯೋನು ಕಣೇ ನಾನು. ತಲೆ ಅಳತೆ ಗೊತ್ತು, ಗುರಿ ಗೊತ್ತಿಲ್ಲ," ಎಂದು ನಕ್ಕ. ನಗುವುದಕ್ಕೆ ಹೋಗಿ ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ ಗೋಡೆ ನೋಡಿಕೊಂಡು, "ಅರ್ಧ ಕೆಲಸ ಆಯ್ತು. ಇನ್ನರ್ಧ ಬಾಕಿ ಇದೆ," ಎಂದ. ಆ ಬಾಕಿಯ ಮಾತನ್ನು ಮತ್ತೆಂದೂ ಆಡಲಿಲ್ಲ.

* * *

ಹೊರಗೆ ನೆರಳು ಉದ್ದವಾಗುತ್ತಿತ್ತು. ಬೇಲಿಯ ಕಡೆಯಿಂದ ಗುದ್ದಲಿಯ ಸದ್ದು ಕೇಳುತ್ತಿತ್ತು.

"ನೀರು ಆರಿಹೋಗ್ತಿದೆ," ಎಂದರು ಇತ್ಸೆ-ಬೇರ್, ಈಗ ಸ್ವಲ್ಪ ಮೆತ್ತಗೆ. "ನೋಡು ಮಗಳೇ, ನಿನ್ನ ಸಂಕಟ ನಂಗೆ ಅರ್ಥ ಆಗುತ್ತೆ. ಆದರೆ ಆ ಸಾಲನ್ನ ಕಟ್ಟಿದೋನು ನಾನು. ಹೇಗಿದ್ರೋ ಹಾಗೇ ಹೂಳಿದ್ದೀನಿ. ತೊಳೀಲಿಲ್ಲ, ಬಟ್ಟೆ ಬಿಚ್ಚಲಿಲ್ಲ. ಕೊಲೆಯಾದೋರ ರಕ್ತ ಅವರ ಜೊತೆಗೇ ಹೋಗಬೇಕು, ಅದು ನಮ್ಮ ಕಟ್ಟಳೆ. ಬೀದೀಲಿ ಚೆಲ್ಲಿದ್ದನ್ನೂ ಬಿಡಲಿಲ್ಲ. ಕಲ್ಲಿನ ಸಂದಿಂದ ಕೆರೆದು ಕೆರೆದು, ಯಾರದ್ದು ಯಾರಿಗೋ ಅವರವರಿಗೇ ಹಾಕಿದೆ. ನಿಮ್ಮಮ್ಮನ ಒಂದು ಹನೀನೂ ನಾನು ಹೊರಗೆ ಬಿಟ್ಟಿಲ್ಲ. ದೇವರ ಮುಂದೆ ನಿಂತಾಗ ನಂಗೆ ಹೇಳೋಕೆ ಇರೋದು ಅದೊಂದೇ."

ಅವರು ಕೋಟಿನ ಒಳಜೇಬಿನಿಂದ ಒಂದು ತವರದ ಚಮಚ ತೆಗೆದು ತೋರಿಸಿದರು. ಅದರ ಬಾಯಿ ಒಂದು ಕಡೆ ಸವೆದುಹೋಗಿತ್ತು. ಊರಲ್ಲಿ ಆ ಚಮಚ ನೋಡದವರಿಲ್ಲ. ಅವರು ಅದನ್ನು ಬಿಟ್ಟು ಎಲ್ಲಿಗೂ ಹೋಗುತ್ತಿರಲಿಲ್ಲ.

ಹೆನ್ಯಾ ಕಣ್ಣು ಮುಚ್ಚಿದಳು. ಈ ಮಾತು ಆಡದೇ ಕೆಲಸ ಆಗಲಿ ಎಂದು ಬೆಳಗಿನಿಂದ ಹಟ ಹಿಡಿದು ಕೂತಿದ್ದಳು. ಆಡಿದರೆ ಸತ್ತ ಮಾವನ ಮಾನ ಹೋಗುತ್ತದೆ. ಆಡದೇ ಬೇರೆ ದಾರಿ ಉಳಿದಿರಲಿಲ್ಲ.

"ಬಿಟ್ಟಿದ್ದೀರಿ ರೆಬ್," ಎಂದಳು.

* * *

ಸವಾರರು ಬಂದುಹೋದ ಆ ದಿನ ಬೀದಿಯಲ್ಲಿ ಇತ್ಸೆ-ಬೇರ್ ಮಂಡಿಯೂರಿ ಚಮಚದಿಂದ ಕಲ್ಲು ಕೆರೆಯುತ್ತಿದ್ದಾಗ ಫೈವಿಶ್ ಎದುರಿಗೇ ಗೋಡೆಗೊರಗಿ ನಿಂತಿದ್ದ. ಹೊಲದ ಬದಿಯಲ್ಲಿ ಬಿದ್ದಿದ್ದ ತಂಗಿ ಬ್ರೈನಾಳನ್ನು, ಹೆನ್ಯಾಳ ತಾಯಿಯನ್ನು, ಎದೆಗೊತ್ತಿಕೊಂಡು ಊರೊಳಕ್ಕೆ ತಂದವನು ಅವನು. ತೋಳಿನಲ್ಲಿದ್ದಾಗಲೇ ಅವಳ ಜೀವ ಹೋಗಿತ್ತು. ಬಿಸಿಲಲ್ಲೂ ಅವನು ದಪ್ಪ ಕೋಟನ್ನು ಕುತ್ತಿಗೆಯವರೆಗೆ ಗುಂಡಿ ಹಾಕಿಕೊಂಡಿದ್ದ.

"ಫೈವಿಶ್, ಒಳಗಿನ ಅಂಗಿ ಕೊಡಪ್ಪ. ಅವಳ ಜೊತೆ ಹೋಗಬೇಕು ಅದು."

"ಯಾವ ಅಂಗಿ? ಅಂಗಿಗೇನೂ ತಾಗಿಲ್ಲ ರೆಬ್."

ಇತ್ಸೆ-ಬೇರ್ ಅವನ ಮುಖ ನೋಡಿದರು. ತಂಗಿಯನ್ನು ಕಳೆದುಕೊಂಡವನನ್ನು ಎರಡನೇ ಸಲ ಕೇಳಲು ಬಾಯಿ ಬರಲಿಲ್ಲ. ತಲೆ ತಗ್ಗಿಸಿ ಮತ್ತೆ ಕೆರೆಯತೊಡಗಿದರು.

* * *

ಹೆನ್ಯಾ ಶಾಲಿನೊಳಗಿನಿಂದ ಎಣ್ಣೆಬಟ್ಟೆಯ ಗಂಟು ತೆಗೆದು ಹಲಗೆಯ ಮೇಲಿಟ್ಟು ಕೆಳಗಿಳಿದಳು. ಬಿಚ್ಚಿದಳು. ತುಕ್ಕಿನ ಬಣ್ಣಕ್ಕೆ ತಿರುಗಿ, ರಟ್ಟಿನ ಹಾಗೆ ಸೆಟೆದ ಗಂಡಸಿನ ಅಂಗಿ.

"ಬುಧವಾರ ಮಧ್ಯಾಹ್ನ ಕೊಟ್ಟ. ಅಂಗಡೀಲಿ ಟೊಪ್ಪಿಗೆ ಅಚ್ಚಿನ ಕೆಳಗೆ ಇಷ್ಟು ವರ್ಷ ಬಚ್ಚಿಟ್ಟಿದ್ದನಂತೆ. ಸೇಡು ತೀರೋವರೆಗೆ ಇರಲಿ ಅಂತ ಇಟ್ಕೊಂಡನಂತೆ. ಸೇಡು ತೀರಲೇ ಇಲ್ಲ, ಕೊಡೋಕೆ ಮುಖ ಬರಲಿಲ್ಲ ಅಂದ." ಹೆನ್ಯಾ ಅಂಗಿಯ ಮೇಲೆ ಕೈಯಿಟ್ಟಳು. "ಏನಂದ ಗೊತ್ತಾ? 'ಯಾವುದೂ ಯಾರ ಸ್ವಂತದ್ದೂ ಅಲ್ಲ ಅಂತ ಜೀವಮಾನವಿಡೀ ಒದರಿದೋನು ನಾನು. ಅವಳ ರಕ್ತ ಮಾತ್ರ ನಂದು ಅಂತ ಇಟ್ಕೊಂಡೆ ಕಣೇ. ಇತ್ಸೆ-ಬೇರ್‌ಗೆ ಕೊಡು. ಬೇಕಾದ್ರೆ ನನ್ನ ಮುಖಕ್ಕೆ ಉಗೀಲಿ. ಬ್ರೈನಾಳ ಪಾಲು ಬ್ರೈನಾಗೆ ಸೇರಲಿ.'"

ನಾಫ್ತುಲ ಬಾಗಿಲು ಬಿಟ್ಟು ಹಲಗೆಯ ಹತ್ತಿರ ಬಂದ. ಇಷ್ಟು ವರ್ಷದ ಗೆಳೆತನದಲ್ಲಿ ಅವನಿಗೂ ಇದು ಗೊತ್ತಿರಲಿಲ್ಲ.

ಇತ್ಸೆ-ಬೇರ್ ಹಲಗೆಯ ಅಂಚು ಹಿಡಿದುಕೊಂಡರು. "ಅಯ್ಯೋ ದೇವರೇ. ಒಂದು ಹನಿ ಅಲ್ಲ. ಒಂದು ಹನಿ ಅಲ್ಲ..." ಎಂದು ಗೊಣಗುತ್ತ ಅಂಗಿಯ ಮೇಲೆ ಬಾಗಿದರು. ಬಹಳ ಹೊತ್ತು ನೋಡಿದರು. ಆಮೇಲೆ ಬೆನ್ನಿನ ಭಾಗವನ್ನು ಮೆಲ್ಲಗೆ ತಿರುಗಿಸಿದರು. ಅಲ್ಲಿ ಭುಜದಿಂದ ಓರೆಯಾಗಿ ಬಟ್ಟೆ ಸೀಳಿತ್ತು. ಸೀಳಿನ ಸುತ್ತಲೂ ಅದೇ ತುಕ್ಕು.

"ಇದೇನು? ಎತ್ಕೊಂಡಿದ್ದು ಎದೆ ಮೇಲಲ್ವಾ?"

ಮುದುಕರು ನೆಲದ ಮೇಲೆ ಕೂತು, ಫೈವಿಶನನ್ನು ಮಗ್ಗುಲಿಗೆ ಹೊರಳಿಸಿ ಅವನ ಬೆನ್ನು ನೋಡಿದರು. ಭುಜದಿಂದ ಓರೆಯಾಗಿ ಹಳೆಯ ಕತ್ತಿಯ ಗಾಯ ಬಿಳಿ ಹಗ್ಗದ ಹಾಗೆ ಎದ್ದುಕೊಂಡಿತ್ತು.

"ಅವಳನ್ನ ಹೊತ್ಕೊಂಡು ಓಡುವಾಗ ಹಿಂದಿನಿಂದ ಹೊಡೆದಿದಾರೆ," ಎಂದಳು ಶಿಫ್ರಾ. "ಅದಕ್ಕೇ ಕೋಟು ಬಿಚ್ಚಲಿಲ್ಲ ಅವತ್ತು. ಹೇಳಲೇ ಇಲ್ಲವಲ್ಲೋ ಹಾಳಾದವನೇ!" ಅವಳು ಹೊಲಿಗೆಯನ್ನು ಮುಖಕ್ಕೊತ್ತಿಕೊಂಡು ಗಟ್ಟಿಯಾಗಿ ಅತ್ತಳು.

ಹೆನ್ಯಾ ಅಳಲಿಲ್ಲ. ಆ ಗಾಯ ಅವಳೂ ನೋಡಿರಲಿಲ್ಲ. ಅಂಗಿಯ ಮುಂದೆ ನೆಟ್ಟಗೆ ನಿಂತಳು. "ರೆಬ್, ಇದರಲ್ಲಿ ನಮ್ಮಮ್ಮನ ರಕ್ತ ಎಲ್ಲಿ ಮುಗೀತು, ಮಾವನ ರಕ್ತ ಎಲ್ಲಿ ಶುರುವಾಯ್ತು, ತೋರಿಸಿ. ಅವರವರದ್ದು ಅವರವರ ಜೊತೆ ಹೋಗಬೇಕು ಅಂದ್ರಲ್ಲ? ಬೇರೆ ಮಾಡಿ ಕೊಡಿ. ಅಮ್ಮನದ್ದು ಆ ಸಾಲಿಗೆ ತಗೊಂಡು ಹೋಗಿ, ಮಾವನದ್ದು ಬೇಲಿಗೆ. ನಾನು ಸುಮ್ನೆ ಮನೆಗೆ ಹೋಗ್ತೀನಿ."

ಇತ್ಸೆ-ಬೇರ್ ಅಂಗಿಯನ್ನು ನೋಡಿದರು. ಹೆಣವನ್ನು ನೋಡಿದರು. ಎದ್ದು ಬಾಗಿಲಿಗೆ ಹೋಗಿ, ಆ ವಯಸ್ಸಿನ ಗಂಟಲಲ್ಲಿ ಎಷ್ಟು ಸಾಧ್ಯವೋ ಅಷ್ಟೂ ಜೋರಾಗಿ ಕೂಗಿದರು: "ಏ! ಬೇಲಿ ಗುಂಡಿ ಮುಚ್ರೋ! ಬ್ರೈನಾ ಪಕ್ಕ ತೋಡಿ! ಬೇಗ, ಹೊತ್ತು ಮುಳುಗ್ತಾ ಇದೆ!"

ಹಿಂದಿರುಗಿ ಬಂದವರ ಕಣ್ಣು ಹಲಗೆಯ ಮೇಲೆ ಬಿತ್ತು. ಅಂಗಿ ತಿರುಗಿಸುವಾಗ ಒಣಗಿದ ಕಪ್ಪು ಹುಡಿ ಉದುರಿ ಮರದ ಸಂದಿಗೆ ಇಳಿದಿತ್ತು. ಇತ್ಸೆ-ಬೇರ್ ಚಮಚ ತೆಗೆದು ಮಂಡಿಯೂರಿದರು.

"ನಾಫ್ತುಲ, ಆ ಬಟ್ಟೆ ಇತ್ತ ಹಿಡಿ."

"ಇದು ಬಾವುಟ ರೆಬ್."

"ಬಟ್ಟೆ ತಾನೇ? ಹಿಡಿ."

ನಾಫ್ತುಲ ಬಾವುಟ ಬಿಚ್ಚಿ, ಅವರ ಎದುರಿಗೆ ತಾನೂ ಮಂಡಿಯೂರಿ, ಹಲಗೆಯ ಅಂಚಿಗೆ ಒಡ್ಡಿ ಹಿಡಿದ. ಮುದುಕರು ಕೆರೆದರು. ಸಂದಿ ಸಂದಿ ಕೆರೆದರು. ಆ ಕಪ್ಪು ಬಟ್ಟೆಯಲ್ಲೇ ಹುಡಿಯನ್ನೂ ಅಂಗಿಯನ್ನೂ ಸೇರಿಸಿ ಸುತ್ತಿದರು. ಹೆಣದ ಜೊತೆ ಬಿಳಿಯಲ್ಲದೆ ಬೇರೆ ಬಟ್ಟೆ ಹೋಗಬಾರದೆಂದು ಯಾರೂ ಅವರಿಗೆ ನೆನಪಿಸಲಿಲ್ಲ. ಆಮೇಲೆ ಹೆಂಗಸರನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡರು. ನೀರು ಸುರಿಯುವ ಸದ್ದು ಕೇಳಿಸಿತು.

ಹೂಳುವ ಹೊತ್ತಿಗೆ ಬೆಳಕು ಕೆಂಪಾಗಿತ್ತು. ಗಂಟನ್ನು ಫೈವಿಶನ ಎಡಗಡೆಗೆ, ಬ್ರೈನಾಳ ಕಡೆಗೆ ಇಟ್ಟರು. ನಾಫ್ತುಲ ತನ್ನ ಎರಡು ಮಾತನ್ನು ಆಡಲಿಲ್ಲ. ಮಣ್ಣು ಮುಚ್ಚಿದ ಮೇಲೆ ಜನ ಸಬ್ಬತ್ತಿನ ದೀಪಕ್ಕೆ ತಡವಾಯಿತೆಂದು ಬಿರಬಿರನೆ ಇಳಿದು ಹೋದರು. ಇತ್ಸೆ-ಬೇರ್ ಮಾತ್ರ ಕೈಯಲ್ಲಿ ಚಮಚ ಹಿಡಿದುಕೊಂಡು ಅಲ್ಲೇ ನಿಂತಿದ್ದರು.

"ಅದನ್ನೂ ಇಲ್ಲೇ ಮಣ್ಣಿಗೆ ಹಾಕ್ಬಿಡಿ ತಾತ," ಎಂದಳು ಹೆನ್ಯಾ. "ಎಲ್ಲಾ ಸೇರಿತಲ್ಲ. ಇನ್ಯಾಕೆ?"

ಮುದುಕರು ತಲೆಯೆತ್ತಿ ಕೆಳಗಿನ ಊರನ್ನು ನೋಡಿದರು. ಒಂದೊಂದೇ ಮನೆಯಲ್ಲಿ ದೀಪ ಹತ್ತುತ್ತಿತ್ತು. ಹೋದ ವಾರ ಸಂತೆಯ ದಿನ ದೊಣ್ಣೆ ಹಿಡಿದು ಬಂದವರು ಒಡೆದುಹಾಕಿದ ಕಿಟಕಿಗಳಿಗೆ ಹಲಗೆ ಬಡಿದಿದ್ದರು. ಆ ಮನೆಗಳ ದೀಪ ಮಾತ್ರ ಕಾಣುತ್ತಿರಲಿಲ್ಲ. ಅವರು ಚಮಚವನ್ನು ಕೋಟಿನ ತುದಿಗೆ ಒರೆಸಿ, ಒಳಜೇಬಿಗೆ ಹಾಕಿಕೊಂಡು, ಗುಂಡಿ ಹಾಕಿದರು.