ಹೈದರಾಬಾದಿಗೆ ಹೊಸೆದ ತಂತಿ

ಕುರಿಯ ಕರುಳಿನಿಂದ ಸಾರಂಗಿಯ ತಂತಿ ಹೊಸೆಯುವವನು ಖಟಕ ಚಿಂಚೋಳಿಯಲ್ಲಿ ಬಕ್ಕಪ್ಪನೊಬ್ಬನೇ. ಬೀದರದ ಮೈಲೂರಿನಿಂದ ಅಬ್ದುಲ ಗಫೂರ ವರ್ಷಕ್ಕೊಮ್ಮೆ ಬಂದು, ಗೂಟಗಳ ನಡುವೆ ಬಿಗಿದು ಒಣಗಿಸಿದ ತಂತಿಗಳನ್ನು ಮೀಟಿ ಆರಿಸುತ್ತಿದ್ದ. ಆ ವರ್ಷ ಮಳೆಗಾಲ ಕಳೆದ ಮೇಲೆ ಹೈದರಾಬಾದಿನಲ್ಲಿ ಮೂರು ದಿನದ ಮಹಫಿಲ್ ಇತ್ತು. ಮೊದಲ ದಿನ ಅವನದೇ ಸಾರಂಗಿ.

“ಎಳಿ ಟಗರಿಂದು ಮಾಡು, ಬಕ್ಕಪ್ಪಣ್ಣ. ಹೈದರಾಬಾದ ಮಂದಿ ಕೇಳಬೇಕು.”

“ಸತ್ತ ಕುರಿ ಸುದ್ದಾ ನಿನ್ನ ಕೈಯಾಗ ಅಳ್ತದ, ಬಿಡಪಾ.”

ತಂತಿ ಒಣಗುವ ಮೊದಲೇ ಪೊಲೀಸ್ ಆ್ಯಕ್ಷನ್ ಆಯಿತು. ಸೈನ್ಯ ಬಂದ ನಾಲ್ಕನೆಯ ದಿನ ಗಡ್ಡ ಬೋಳಿಸಿಕೊಂಡ ಗಫೂರ ಕುರಿದೊಡ್ಡಿಗೆ ಬಂದು ಬಿದ್ದ. ರಜಾಕಾರರ ದಾವತ್ತಿನೂಟದಲ್ಲಿ ಒಮ್ಮೆ ಸಾರಂಗಿ ಬಾರಿಸಿದ್ದನೆಂದು ಸೇಡಿನ ಗುಂಪು ಅವನನ್ನು ಹುಡುಕುತ್ತಿತ್ತು. ಬಕ್ಕಪ್ಪ ಅವನಿಗೆ ಧೋತರ ಉಡಿಸಿ, ಕಂಬಳಿ ಹೊದಿಸಿ, ಚಿಂತಾಕಿಯ ಷಡ್ಡಕನೆಂದು ಸಾರಿದ.

ಮರುದಿನ ಹೆಂಡತಿ ಸಖುಬಾಯಿ ಓಡಿಬಂದಳು. “ಗುಂಪು ಬರಾಕತ್ತದ್ರಿ. ಮುಂದ ಭಜನಿ ಮಾಣಿಕ ಇದ್ದಾನ. ಮಾರಿ ಬದಲ ಮಾಡೀರಿ, ಉಗುರು ಏನ್ ಮಾಡ್ತೀರಿ?”

ಸಾರಂಗಿಯ ತಂತಿಯನ್ನು ಒತ್ತುವುದು ಬೆರಳ ತುದಿಯಿಂದಲ್ಲ, ಉಗುರಿನ ಬುಡದಿಂದ. ಗಫೂರನ ಎಡಗೈಯಲ್ಲಿ ಕಪ್ಪು ಜಡ್ಡುಗಳಿದ್ದವು. ವಾದ್ಯ ಬಲ್ಲ ಮಾಣಿಕ ಅವನ್ನು ಕಂಡರೆ ಸಾಕು.

ಒಲೆಯ ಮೇಲೆ ರೊಟ್ಟಿಯ ಹಂಚು ಕಾದಿತ್ತು. ಬಕ್ಕಪ್ಪ ಅದನ್ನು ನೋಡಿದ. ಗಫೂರನೂ ನೋಡಿದ.

“ನೀನೇ ಹಿಡಿ, ಅಣ್ಣಾ. ನನ್ನ ಕೈ ನನ್ನ ಮಾತು ಕೇಳಲ್ಲ.”

ಔರಾದದ ಕಡೆ ಈ ಕತೆ ಹೇಳುವಾಗ ಗಫೂರನೇ ಕೈಯನ್ನು ಹಂಚಿಗೆ ಒತ್ತುತ್ತಾನೆ. ಚಿಂಚೋಳಿಯವರು ಮಾತ್ರ ಬಕ್ಕಪ್ಪನಿಗೆ ಆ ರಿಯಾಯಿತಿ ಕೊಡುವುದಿಲ್ಲ.

“ಯಾರಲೇ ಇಂವ? ಕೈ ತೋರ್ಸು,” ಎಂದ ಮಾಣಿಕ.

“ನನ್ನ ಷಡ್ಡಕ ಅದಾನ್ರಿ,” ಎಂದ ಬಕ್ಕಪ್ಪ.

“ಕುಡದು ಹಂಚಿನ ಮ್ಯಾಲ ಬಿದ್ದಾನ್ರಿ,” ಎಂದಳು ಸಖುಬಾಯಿ. “ನಮ್ಮ ತಂಗಿ ಹಣೇಬರ!”

ಯಾರೋ ನಕ್ಕರು. ಮಾಣಿಕ ಸುಲಿದ ಬೆರಳುಗಳನ್ನು ಬಹಳ ಹೊತ್ತು ಹಿಡಿದಿದ್ದು ಬಿಟ್ಟ. “ನಡೀರಿ, ಕುಡುಕ ಇದ್ದಾನ.”

ಉಗುರು ಉದುರಿದವು, ಬೆರಳು ಮತ್ತೆ ಮಡಚಲಿಲ್ಲ. ಮಹಫಿಲ್ ಚಳಿಗಾಲದಲ್ಲಿ ನಡೆಯಿತು. ಬೇರೆ ಯಾರೋ ಬಾರಿಸಿದರು. ಗಫೂರನಿಗಾಗಿ ಹೊಸೆದ ತಂತಿಗಳು ಗೂಟದಲ್ಲೇ ಉಳಿದವು.

ಉಣ್ಣೆ ಕತ್ತರಿಸುವ ಕಾಲಕ್ಕೆ, ದೊಡ್ಡಿಯಲ್ಲೇ ಉಳಿದಿದ್ದ ಗಫೂರ ಅವುಗಳಲ್ಲೊಂದನ್ನು ಬಿಚ್ಚಿ, ಉಣ್ಣೆ ಹಿಂಜುವ ಬಿಲ್ಲಿಗೆ ಬಿಗಿದು, ಬಲಗೈಯಿಂದ ಒಮ್ಮೆ ಮೀಟಿದ. ಕಿವಿಗೊಟ್ಟ. ಇನ್ನಷ್ಟು ಬಿಗಿದ.

ಬಕ್ಕಪ್ಪ ಎದ್ದು ಕುರಿಗಳತ್ತ ಹೋದ. ಹಿಂದೆ ಉಣ್ಣೆ ಹಿಂಜುವ ಸದ್ದು ಶುರುವಾಯಿತು.