ದಪ್ಪ ತೋಟಾ

ಕ್ಯಾಲಮ್ ಡ್ರೀವರ್ ಮತ್ತು ನಾನು ಇಪ್ಪತ್ತಾರು ವರ್ಷ ಒಟ್ಟಿಗೆ ಬೇಟೆಗೆ ಹೋದವರು. ಅವನು ಕುರಿಯ ಉಣ್ಣೆ ಕತ್ತರಿಸುವವನು, ನಾನು ಜಿಲ್ಲೆಯ ಮಣ್ಣುರಸ್ತೆಗಳನ್ನು ಸಮ ಮಾಡುವ ಯಂತ್ರ ಓಡಿಸುವವನು. ಪ್ರತಿವರ್ಷ ನಮ್ಮ ಚಳಿಗಾಲದ ಜೂನ್ ತಿಂಗಳಲ್ಲಿ, ತಾರ್ ಎನ್ನುವ ಕಾಡುಮೇಕೆಯ ಗಂಡುಗಳ ಕೊರಳಿನ ಕೂದಲು ಉದ್ದವಾಗಿ ಬೆಳೆದಿರುವ ಹೊತ್ತಿಗೆ, ಇಬ್ಬರೂ ನಾಲ್ಕು ದಿನ ರಜೆ ಹಾಕಿ ನದಿಯ ಮೇಲ್ತುದಿಯ ಗುಡಿಸಲಿಗೆ ಹೋಗುತ್ತಿದ್ದೆವು. ಆ ಕಾಡುಮೇಕೆಯನ್ನು ಹತ್ತಿರದಿಂದ ಹೊಡೆಯುವುದು ಕಷ್ಟ. ನೀವು ಈ ಗುಡ್ಡದಲ್ಲಿದ್ದರೆ ಅದು ಆಚೆ ಗುಡ್ಡದ ಬಂಡೆಯ ಮೇಲಿರುತ್ತದೆ, ನಡುವೆ ಕಣಿವೆ.

ಮೂವತ್ತು ವರ್ಷ ಕುರಿಗಳನ್ನು ಮಂಡಿಗಳ ನಡುವೆ ಸಿಕ್ಕಿಸಿಕೊಂಡು ಬಗ್ಗಿ ದುಡಿದದ್ದಕ್ಕೆ ಕ್ಯಾಲಮ್‌ನ ಬಲಭುಜ ಹೋಯಿತು. ಶಸ್ತ್ರಚಿಕಿತ್ಸೆ ಆಯಿತು. ಅದೇ ವರ್ಷ ಅವನ ಹಳೆಯ ರೈಫಲಿನ ನಳಿಗೆಯೂ ಸವೆದುಹೋಗಿತ್ತು. ಹೊಸದು ಕೊಳ್ಳಲು ಒಂದು ಶನಿವಾರ ಹೊಹೆಪಾನ ಬಂದೂಕಿನ ಅಂಗಡಿಗೆ ಹೋದ. ಜೊತೆಗೆ ನಾನೂ ಹೋದೆ. ಹೋಗಬಾರದಿತ್ತು.

ಹೊಹೆಪಾ ಮುದುಕ. ಮಾತು ಕಮ್ಮಿ. ಗಾಜಿನ ಮೇಜಿನ ಮೇಲೆ ಎರಡು ಬಗೆಯ ರೈಫಲಿನ ಒಂದೊಂದು ತೋಟಾ ನಿಲ್ಲಿಸಿದ. ಒಂದು ಆರೂವರೆ ಮಿಲಿಮೀಟರಿನದು, ತೆಳ್ಳಗೆ. ಇನ್ನೊಂದು ಏಳು ಮಿಲಿಮೀಟರಿನ ಮ್ಯಾಗ್ನಮ್, ಹೆಬ್ಬೆರಳಿನಷ್ಟು ದಪ್ಪ.

"ಗುಂಡು ಎರಡರಲ್ಲೂ ಹೆಚ್ಚುಕಮ್ಮಿ ಅಷ್ಟೇ ಕ್ಯಾಲಮ್. ಈ ದಪ್ಪದ್ರಲ್ಲಿ ಮದ್ದು ಜಾಸ್ತಿ, ಒದೆತಾನೂ ಜಾಸ್ತಿ. ಈ ಸಣ್ಣದು ಗಾಳೀನ ಚೆನ್ನಾಗಿ ಸೀಳ್ಕೊಂಡು ಹೋಗುತ್ತೆ. ನಿನ್ನ ಭುಜಕ್ಕೆ ಇದೇ ಸರಿ. ನಾನೂರು ಮೀಟರ್ ಒಳಗೆ ಹೋಗಿ ಹೊಡಿ, ನಿಂತಲ್ಲೇ ಬೀಳುತ್ತೆ."

"ಅದಕ್ಕಿಂತ ದೂರ ಆದ್ರೆ?"

"ದೂರ ಆದ್ರೆ ನಡಿ. ಕಾಲಿಗೇನು ಆಪರೇಷನ್ ಆಗಿಲ್ವಲ್ಲ."

ಕ್ಯಾಲಮ್ ನಕ್ಕ. ಸಣ್ಣ ತೋಟಾ ಎತ್ತಿಕೊಂಡು ಬೆರಳುಗಳ ನಡುವೆ ತಿರುಗಿಸಿದ. ಅವನ ಮನಸ್ಸು ಅದಕ್ಕೆ ಒಪ್ಪಿತ್ತು, ಮುಖ ನೋಡಿದರೆ ಗೊತ್ತಾಗುತ್ತಿತ್ತು. ಅಂಗಡಿಯಲ್ಲಿ ಇನ್ನೂ ನಾಲ್ಕೈದು ಜನ ಇದ್ದರು, ಎಲ್ಲ ಪರಿಚಯದವರೇ. ನಾನು ಗಟ್ಟಿಯಾಗಿ ಅಂದೆ:

"ಏನೋ, ಐಲ್ಸಾ ಹುಟ್ಟುಹಬ್ಬಕ್ಕಾ? ಗುಲಾಬಿ ಬಣ್ಣದ ಪಟ್ಟಿನೂ ಹಾಕಿಸ್ಕೊ ಮಾರಾಯ, ಹೆಂಡ್ತಿಗೆ ಚೆನ್ನಾಗಿ ಒಪ್ಪುತ್ತೆ!"

ಎಲ್ಲರೂ ನಕ್ಕರು. ಹೊಹೆಪಾ ಒಬ್ಬ ನಗಲಿಲ್ಲ. ಕ್ಯಾಲಮ್‌ನ ಕಿವಿ ಕೆಂಪಾಯಿತು. ಸಣ್ಣ ತೋಟಾವನ್ನು ಮೆಲ್ಲನೆ ಮೇಜಿನ ಮೇಲಿಟ್ಟ.

"ದಪ್ಪದ್ದೇ ಕೊಡು," ಅಂದ.

"ಇನ್ನೊಂದ್ ಸಲ ಯೋಚ್ನೆ ಮಾಡು," ಅಂದ ಹೊಹೆಪಾ.

"ಕೊಡು ಅಂದ್ನಲ್ಲ."

ಮೇ ತಿಂಗಳು ಪೂರ್ತಿ ಊರಾಚೆಯ ಕ್ವಾರಿಯಲ್ಲಿ ಅಭ್ಯಾಸ ಮಾಡಿದೆವು. ಅವನ ಮೊದಲ ಐದು ಈಡು ಚೆನ್ನಾಗಿ ಬಿದ್ದವು. ಆಮೇಲೆ ಹಲಗೆಯ ತುಂಬ ಚದುರಿದವು. ಬಿಸಿಲು ಕಣ್ಣಿಗೆ ಹೊಡೆಯುತ್ತಿದೆ ಅಂದ. ಒಂದು ಸಲ ತೋಟಾ ಸಿಡಿಯಲೇ ಇಲ್ಲ, ಬರೀ ಟಕ್ ಅಂದಿತು. ಆ ಟಕ್ಕಿಗೇ ಅವನ ಕಣ್ಣು ಬಿಗಿಯಾಗಿ ಮುಚ್ಚಿತು, ನಳಿಗೆಯ ತುದಿ ಒಂದು ಗೇಣು ಕೆಳಗೆ ಹೋಯಿತು. ಒದೆತ ಬರುವ ಮೊದಲೇ ಒದೆತಕ್ಕೆ ಹೆದರುತ್ತಿದ್ದ. ನಾನು ಪಕ್ಕದಲ್ಲೇ ಕೂತಿದ್ದೆ. ಅವನೂ ನನ್ನ ಕಡೆ ನೋಡಿದ. ಆಗಲಾದರೂ ನಾನು, 'ವಾಪಸ್ ಕೊಟ್ಟುಬಿಡು, ಹೊಹೆಪಾ ಬದಲಿಸಿ ಕೊಡ್ತಾನೆ' ಅನ್ನಬಹುದಿತ್ತು. "ಬೇಟೆ ಹೊತ್ತಿಗೆ ಸರಿಹೋಗುತ್ತೆ ಬಿಡೋ" ಅಂದೆ.

ಜೂನ್‌ನಲ್ಲಿ ಗುಡಿಸಲು ಸೇರಿದ ಎರಡನೇ ದಿನ, ಮಧ್ಯಾಹ್ನ ಮೂರರ ಸುಮಾರಿಗೆ, ಆಚೆ ಇಳಿಜಾರಿನಲ್ಲಿ ಒಂದು ದೊಡ್ಡ ಗಂಡು ಕಂಡಿತು. ದೂರ ಅಳೆಯುವ ಉಪಕರಣ ಆರುನೂರ ಹತ್ತು ಮೀಟರ್ ತೋರಿಸಿತು.

"ಜಾಸ್ತಿ ಆಯ್ತು ಬೆವನ್," ಅಂದ ಕ್ಯಾಲಮ್. "ಆ ದಿಣ್ಣೆವರೆಗೂ ತೆವಳ್ಕೊಂಡು ಹೋದ್ರೆ ನಾನೂರರೊಳಗೆ ಸಿಗುತ್ತೆ."

ನನ್ನ ಮಂಡಿ ಬೆಳಗಿನಿಂದ ನೋಯುತ್ತಿತ್ತು. "ಮತ್ಯಾಕೆ ಈ ಫಿರಂಗಿ ಹೊತ್ಕೊಂಡು ಬಂದೆ? ನೋಡಿ ಖುಷಿಪಡೋಕಾ?"

ಅವನು ಮಲಗಿ ಗುರಿ ಹಿಡಿದ. ನಾನು ಮುಕ್ಕಾಲಿಯ ಮೇಲಿನ ದುರ್ಬೀನಿಗೆ ಕಣ್ಣಿಟ್ಟೆ.

ಈಡು ಹಾರಿತು. ಪಕ್ಕೆಲುಬು ಮುಗಿಯುವ ಕಡೆ, ಹೊಟ್ಟೆಯ ಮೇಲೆ, ಕೂದಲು ಪುಸಕ್ಕನೆ ಎದ್ದದ್ದನ್ನು ನಾನು ಕಂಡೆ. ಪ್ರಾಣಿ ಬೆನ್ನು ಗೂನು ಮಾಡಿತು. ಓಡಲಿಲ್ಲ. ನಾಲ್ಕು ಕಾಲನ್ನೂ ಲೆಕ್ಕ ಹಾಕಿ ಇಡುವ ಹಾಗೆ ನಿಧಾನವಾಗಿ ನಡೆದು ಬಂಡೆಯ ಹಿಂದೆ ಮರೆಯಾಯಿತು. ಒದೆತದಲ್ಲಿ ಕ್ಯಾಲಮ್‌ಗೆ ಇದಾವುದೂ ಕಂಡಿರಲಿಲ್ಲ. ಭುಜ ಹಿಡಿದುಕೊಂಡು ಕೇಳಿದ:

"ತಾಗ್ತಾ?"

ಅಲ್ಲಿಗೆ ಹೋಗಲು ಕಣಿವೆ ಇಳಿದು ಹತ್ತಬೇಕು. ಮೂರು ಗಂಟೆಯ ದಾರಿ. ಐದಕ್ಕೆ ಕತ್ತಲೆ. ಗುಡಿಸಲಿನಲ್ಲಿ ಒಲೆ ಇತ್ತು, ಬೇಯಿಸಿಟ್ಟ ಕುರಿಮಾಂಸ ಇತ್ತು.

"ಇಲ್ಲ. ಗುಂಡು ಕೆಳಗೆ ಬಿತ್ತು, ಮಣ್ಣು ಹಾರ್ತು."

"ಥಪ್ ಅಂತ ಸದ್ದು ಕೇಳ್ದಂಗಾಯ್ತಲ್ಲ?"

"ಬಂಡೆಗೆ ಬಡಿದಿದ್ದು ಕಣೋ. ನಡಿ, ಚಳಿ ಆಗ್ತಿದೆ."

ನಂಬಿದ. ದುರ್ಬೀನು ಹಿಡಿದವನ ಮಾತನ್ನು ನಂಬುವುದು ನಮ್ಮಲ್ಲಿ ರೂಢಿ. ಇಲ್ಲದಿದ್ದರೆ ಜೊತೆ ಬೇಟೆ ಅನ್ನುವುದೇ ಇಲ್ಲ.

ಬೆಳಿಗ್ಗೆ ಎದ್ದಾಗ ಅವನ ಹಾಸಿಗೆ ಖಾಲಿ. ಚಹಾದ ಡಬ್ಬಿಯ ಕೆಳಗೆ ಚೀಟಿ: 'ಸುಮ್ಮನೆ ಒಂದ್ಸಲ ನೋಡ್ಕೊಂಡು ಬರ್ತೀನಿ. ಮನಸ್ಸಿಗೆ ಸಮಾಧಾನ ಇಲ್ಲ.' ನಾನು ಚಹಾ ಮಾಡಿಕೊಂಡೆ. ಬ್ರೆಡ್ಡು ಸುಟ್ಟುಕೊಂಡೆ. ಹಿಂದೆಯೇ ಹೋಗಬೇಕೆಂದು ಎರಡು ಸಲ ಬೂಟು ಹಾಕಿದೆ, ಎರಡು ಸಲವೂ ಬಿಚ್ಚಿದೆ. ಅಲ್ಲಿ ಅವನಿಗೆ ಏನು ಸಿಗುತ್ತದೆಂದು ನನಗೆ ಗೊತ್ತಿತ್ತು. ಅದು ಸಿಗುವ ಹೊತ್ತಿಗೆ ನಾನು ಅಲ್ಲಿ ನಿಂತಿರುವುದು ಬೇಡವಾಗಿತ್ತು. ಹನ್ನೊಂದೂವರೆಗೆ ಗುಡಿಸಲಿನ ಮೇಲೆ ಹೆಲಿಕಾಪ್ಟರ್ ಹಾದು ಆ ಕಣಿವೆಯೊಳಗೆ ಇಳಿಯಿತು. ಜೇಬಿನಲ್ಲಿದ್ದ, ಸಹಾಯಕ್ಕೆ ಸಂಕೇತ ಕಳಿಸುವ ತುರ್ತು ಸಾಧನದ ಗುಂಡಿಯನ್ನು ಅವನು ಎಡಗೈಯಲ್ಲಿ ಒತ್ತಿದ್ದನಂತೆ. ಬಲಗೈ ಆಡುತ್ತಿರಲಿಲ್ಲ.

ಪ್ರಾಣಿ ಸಿಕ್ಕಿತ್ತು. ಅದನ್ನು ಮುಗಿಸಿ ಇಳಿಯುವಾಗ ಹಿಮ ಕಟ್ಟಿದ ಹುಲ್ಲಿನ ಮೇಲೆ ಜಾರಿ, ಮೂವತ್ತಡಿ ಕೆಳಗೆ ಬಿದ್ದಿದ್ದ. ಸೊಂಟದ ಮೂಳೆ ಮುರಿದಿತ್ತು. ಹೊಲಿದ ಭುಜ ಪುಡಿಯಾಗಿತ್ತು.

ಎಂಟನೇ ದಿನ ಆಸ್ಪತ್ರೆಗೆ ಹೋದೆ. ದ್ರಾಕ್ಷಿ ತಗೊಂಡು ಹೋಗಿದ್ದೆ.

"ಹೊಟ್ಟೆಗೆ ಬಿದ್ದಿತ್ತು ಬೆವನ್," ಅಂದ, ಚಾವಣಿ ನೋಡುತ್ತಾ. "ಇಡೀ ರಾತ್ರಿ ಬದುಕಿತ್ತು. ನಾನು ಹತ್ರ ಹೋದ್ರೆ ಎದ್ದೇಳೋಕೆ ನೋಡ್ತು. ಆಗ್ಲಿಲ್ಲ. ಸುಮ್ನೆ ನನ್ನೇ ನೋಡ್ತು."

ನಾನು ದ್ರಾಕ್ಷಿಯ ಪೊಟ್ಟಣವನ್ನು ಪಕ್ಕದ ಮೇಜಿನ ಮೇಲಿಟ್ಟೆ.

"ನೀನು ದುರ್ಬೀನಲ್ಲಿ ನೋಡ್ತಿದ್ದೆ."

"ಸರಿಯಾಗಿ ಕಾಣ್ಲಿಲ್ಲ ಕಣೋ. ಬಿಸಿಲು..."

"ಅಲ್ಲಿ ಬಿಸಿಲಿರ್ಲಿಲ್ಲ." ಮುಖವನ್ನು ಗೋಡೆಯ ಕಡೆ ತಿರುಗಿಸಿದ. "ಸರಿ ಬಿಡು. ಹೊರಡು. ಬಸ್ ತಪ್ಪುತ್ತೆ."

ನಾನು ಬಸ್ಸಿನಲ್ಲಿ ಬಂದಿರಲಿಲ್ಲ. ನನ್ನ ಕಾರು ಅವನಿಗೆ ಚೆನ್ನಾಗಿ ಗೊತ್ತು.

ಐಲ್ಸಾ ಕಾರಿಡಾರಿನಲ್ಲಿ ನಿಂತಿದ್ದಳು. "ಅಂಗಡೀಲಿ ಏನಂದೆ ಅಂತ ಹೊಹೆಪಾ ಹೇಳ್ದ," ಅಂದಳು. "ನನ್ನ ಹೆಸರೇ ಬೇಕಿತ್ತಾ ನಿಂಗೆ ನಗಿಸೋಕೆ?" ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಆಮೇಲೆ ಅವಳು ನನ್ನೊಡನೆ ಮಾತಾಡಿದ್ದೇ ಇಲ್ಲ.

ಕ್ಯಾಲಮ್ ಮತ್ತೆ ಉಣ್ಣೆ ಕತ್ತರಿಸಲಿಲ್ಲ, ಗುಡ್ಡ ಹತ್ತಲಿಲ್ಲ. ಊರಿನ ಕಸ ತೆಗೆದುಕೊಳ್ಳುವ ಅಂಗಳದಲ್ಲಿ ಅವನಿಗೆ ಗೇಟಿನ ಕೆಲಸ ಸಿಕ್ಕಿತು. ವಾರಕ್ಕೊಮ್ಮೆ ನಾನೂ ಅಲ್ಲಿಗೆ ಹೋಗಲೇಬೇಕು, ಮನೆಯ ಕಸ ಹಾಕಲು ಬೇರೆ ಜಾಗವಿಲ್ಲ. ಮೊದಲ ದಿನವೇ ಕೇಳಿದೆ, ಹೇಗಿದ್ದೀಯೋ ಅಂತ.

"ಚೆನ್ನಾಗಿದ್ದೀನಿ. ನೀವು ಹೇಗಿದ್ದೀರಿ?" ಅಂದ.

ಮುದುಕ ಹೊಹೆಪಾನಿಗೂ ನೀನು ಅನ್ನುವವನು. ನನ್ನನ್ನು ನೀವು ಅಂದ.

ಎರಡು ವರ್ಷ ಹೀಗೇ ನಡೆಯಿತು. ಹೋದ ಶನಿವಾರ ಗಾಡಿ ನಿಲ್ಲಿಸಿ ಇಳಿದೆ. ಅವನ ಎದುರು ನಿಂತು, ಮಾತನ್ನು ಹಲ್ಲಿನ ಸಂದಿಯಿಂದ ಕಿತ್ತು ತೆಗೆದ ಹಾಗೆ ಹೇಳಿದೆ:

"ಕ್ಯಾಲಮ್, ಅವತ್ತು ನಂಗೆ ಕಂಡಿತ್ತು."

"ಗೊತ್ತು," ಅಂದ.

ಮುಂದೆ ಏನಾದರೂ ಅನ್ನುತ್ತಾನೆಂದು ಕಾದೆ. ಬೈದರೂ ಆಗುತ್ತಿತ್ತು. ಹಿಂದಿನ ಗಾಡಿಯವನು ಹಾರನ್ ಒತ್ತಿದ. ಕ್ಯಾಲಮ್ ನನ್ನ ಗಾಡಿಯ ಹಿಂದಿನ ಕಸದ ಟ್ರೇಲರಿನೊಳಗೆ ಇಣುಕಿ, ಎಡಗೈಯಿಂದ ತೊಟ್ಟಿ ತೋರಿಸಿದ.

"ಬಾಟ್ಲಿಗಳನ್ನ ಆ ಕಡೆ ಹಾಕಿ. ಸ್ವಲ್ಪ ಬೇಗ, ಜನ ಕಾಯ್ತಿದ್ದಾರೆ."